ಹಳೆಯ ಪಂಪ್ ಕೋವಿಗೆ ಸುರುಳಿಗೀರಿನ ನಳಿಗೆ: ಮೂರು ತಿಂಗಳ ಕೆಲಸದ ಟಿಪ್ಪಣಿ

ಆಗಸ್ಟ್ ಕೊನೆಯ ವಾರದಲ್ಲಿ ನನ್ನ ಕೈಗೆ ಬಂದದ್ದು 12 ಗೇಜಿನ ರೆಮಿಂಗ್ಟನ್ 870 ಎಕ್ಸ್‌ಪ್ರೆಸ್ ಪಂಪ್ ಕೋವಿ. ತೊಂಬತ್ತರ ದಶಕದ್ದು, ಮುಂದಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟೆ ಏರಿಸುವಂಥದ್ದು; 28 ಇಂಚಿನ, ಒಳಗೆ ಗುಂಡನ್ನು ತಿರುಗಿಸುವ ಸುರುಳಿಗೀರುಗಳಿಲ್ಲದ ನಯವಾದ ನಳಿಗೆ, ಬಾಯಿಯಲ್ಲಿ ಅದನ್ನು ಕೊಂಚ ಕಿರಿದಾಗಿಸುವ ಮಾಡಿಫೈಡ್ ಚೋಕ್, ತುದಿಯಲ್ಲಿ ಕಾಳುಮೆಣಸಿನಷ್ಟು ಗಾತ್ರದ ಒಂದು ಮಣಿ. ಗುರಿ ನೋಡಲು ಅದರಲ್ಲಿದ್ದ ಏರ್ಪಾಡು ಆ ಮಣಿಯೊಂದೇ. ಅಮೆರಿಕದ ಓಹಾಯೋ ರಾಜ್ಯದ ಲಿಕಿಂಗ್ ಕೌಂಟಿಯಲ್ಲಿ ಜೋಳ, ಸೋಯಾ ಬೆಳೆಯುವ ಹಿರಿಯ ರೈತರೊಬ್ಬರು ಮೊಲ, ಫೆಸೆಂಟ್ ಹಕ್ಕಿಗಳಿಗೆಂದು ಬಳಸುತ್ತಿದ್ದ ಇದನ್ನು ಪರವಾನಗಿ ಪಡೆದ ಅಂಗಡಿಯೊಂದರ ಮೂಲಕ ನನಗೆ ಮಾರಿದರು. ಜೊತೆಗೆ ತಮ್ಮ ಹೊಲದಲ್ಲಿ ಜಿಂಕೆ ಬೇಟೆಗೆ ಅಲ್ಲಿಯ ನಿಯಮದಂತೆ ಬೇಕಾಗುವ ಲಿಖಿತ ಅನುಮತಿಯನ್ನೂ ಕೊಟ್ಟರು. ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಮೇಲೆ ಬರುವ ಸೋಮವಾರ ಕೋವಿ ಬೇಟೆಯ ವಾರ ಆರಂಭವಾಗುತ್ತದೆ. ಅಷ್ಟರೊಳಗೆ ಈ ಕೋವಿ 100 ಗಜದಲ್ಲಿ ಮೂರು ಈಡುಗಳನ್ನು ನಾಲ್ಕು ಇಂಚಿನೊಳಗೆ ಹಾಕುವಂತಾಗಬೇಕು ಎಂಬುದು ನಾನು ಹಾಕಿಕೊಂಡ ಗಡುವು. ಬಿಳಿಬಾಲದ ಜಿಂಕೆಯ ಹೃದಯ ಮತ್ತು ಶ್ವಾಸಕೋಶವಿರುವ ಜಾಗದ ಅಡ್ಡಳತೆ ಸುಮಾರು ಎಂಟು ಇಂಚು. ಅದರಲ್ಲಿ ಅರ್ಧವನ್ನು ಕೋವಿಗೆ ಬಿಟ್ಟು, ಉಳಿದರ್ಧವನ್ನು ಚಳಿಯಲ್ಲಿ ನಡುಗುವ ನನ್ನ ಕೈಗೆ ಕಾಯ್ದಿರಿಸಿದ್ದೆ.

ರೈಫಲ್ ಕೊಳ್ಳಬಾರದಿತ್ತೇ ಎಂದು ಕೇಳುವವರಿದ್ದಾರೆ. ಸಮತಟ್ಟಾದ, ಮನೆಗಳು ಒತ್ತೊತ್ತಾಗಿರುವ ಮಧ್ಯಪಶ್ಚಿಮದ ರಾಜ್ಯಗಳಲ್ಲಿ ರೈಫಲ್ ಗುಂಡು ಮೈಲಿಗಟ್ಟಲೆ ಹೋಗಬಹುದೆಂಬ ಅಂಜಿಕೆಯಿಂದ ಜಿಂಕೆ ಬೇಟೆಗೆ ಬಹುಕಾಲ ಶಾಟ್‌ಗನ್ನನ್ನೇ ಕಡ್ಡಾಯ ಮಾಡಲಾಗಿತ್ತು. ಓಹಾಯೋದಲ್ಲಿ 2014ರಿಂದ ನೇರಗೋಡೆಯ, ಅಂದರೆ ಬಾಯಿಯ ಕಡೆ ಕಿರಿದಾಗದ, ತೋಟೆ ಬಳಸುವ ಕೆಲವು ರೈಫಲ್‌ಗಳಿಗೂ ಅವಕಾಶವಿದೆ, ಅವು ಸ್ಲಗ್ (ಸಣ್ಣ ಚರೆಗಳ ಬದಲು ಒಂದೇ ದೊಡ್ಡ ಗುಂಡು) ಹೊಡೆಯುವ ಕೋವಿಗಿಂತ ಭುಜಕ್ಕೆ ಹಿತವೂ ಹೌದು. ಆದರೆ ಮನೆಯಲ್ಲಿರುವ ಒಂದೇ ಕೋವಿ ನವೆಂಬರಿನಲ್ಲಿ ಮೊಲಕ್ಕೂ ಡಿಸೆಂಬರಿನಲ್ಲಿ ಜಿಂಕೆಗೂ ಆಗಬೇಕು ಎನ್ನುವವನಿಗೆ ನಳಿಗೆ ಬದಲಾಯಿಸಬಹುದಾದ ಪಂಪ್ ಕೋವಿಯೇ ಸರಿಯೆಂದು ನನಗೆ ಕಂಡಿತು.

ಮುಂದೆ ಹೋಗುವ ಮುನ್ನ ಇಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಎಚ್-1ಬಿ ಮುಂತಾದ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಅಥವಾ ತೋಟೆ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಹೊಂದಿರುವುದು ಅದಕ್ಕಿರುವ ಮುಖ್ಯ ವಿನಾಯಿತಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಯಾರದೋ ಕೋವಿಯನ್ನು ಒಮ್ಮೆ ಹಿಡಿದು ನೋಡೋಣವೆಂದು ಅಭ್ಯಾಸದ ಬಯಲಿಗೆ ಹೋಗುವ ಮುನ್ನ ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಸೆಪ್ಟೆಂಬರ್: ಇದ್ದ ನಳಿಗೆಯಿಂದಲೇ ಶುರು

ಮೊದಲ ಕೆಲಸ ಕೋವಿಯನ್ನು ಬಿಚ್ಚಿದ್ದು. 870ರಲ್ಲಿ ಇದಕ್ಕೆ ಹತಾರವೇ ಬೇಡ. ತೋಟೆಮನೆಯೂ ಮ್ಯಾಗಜಿನ್ ಕೊಳವೆಯೂ ಖಾಲಿಯೆಂದು ಕಣ್ಣಿನಿಂದ ನೋಡಿ, ಬೆರಳಿಟ್ಟು ಮುಟ್ಟಿ ಖಾತ್ರಿ ಮಾಡಿಕೊಂಡು, ಪಂಪನ್ನು ಅರ್ಧ ಹಿಂದಕ್ಕೆಳೆದು, ಕೊಳವೆಯ ತುದಿಯ ಮುಚ್ಚಳ ತಿರುಗಿಸಿದರೆ ನಳಿಗೆ ಮುಂದಕ್ಕೆ ಜಾರಿ ಕೈಗೆ ಬರುತ್ತದೆ. ಬೆಳಕಿಗೆ ಹಿಡಿದು ಹಿಂಬದಿಯಿಂದ ನೋಡಿದಾಗ ನಳಿಗೆಯ ಉದ್ದಕ್ಕೂ ಹೊಳಪಿತ್ತು, ಆದರೆ ತೋಟೆಮನೆಯ ಗೋಡೆಗೆ ಕಾಫಿ ಲೋಟದ ತಳದ ಕಲೆಯಂತೆ ಕಂದು ಬಣ್ಣದ ಒಂದು ಉಂಗುರ ಕೂತಿತ್ತು. ಸ್ಪಂಜಿನ ಚೀಲದೊಳಗೆ ಹಾಕಿ ವರ್ಷಗಟ್ಟಲೆ ನೆಲಮಾಳಿಗೆಯಲ್ಲಿಟ್ಟ ಕೋವಿಗಳಿಗೆಲ್ಲ ಬರುವ ತುಕ್ಕು ಅದು. ಹೊಡೆದ ತೋಟೆಯ ಸಿಪ್ಪೆ ಅಲ್ಲಿ ಕಚ್ಚಿಕೊಂಡರೆ ಪಂಪ್ ಎಷ್ಟು ಎಳೆದರೂ ಬರುವುದಿಲ್ಲ. ಕಂಚಿನ ಬ್ರಷ್ಷಿಗೆ ನಾಲ್ಕು ಸೊನ್ನೆಯ, ಅಂದರೆ ಅತಿ ನಯವಾದ, ಉಕ್ಕಿನ ನಾರು ಸುತ್ತಿ, ಎಣ್ಣೆ ಹಚ್ಚಿ, ಎರಡು ಸಂಜೆ ಕೈಯಿಂದಲೇ ತಿರುಗಿಸಿದೆ. ಡ್ರಿಲ್ಲಿಗೆ ಸಿಕ್ಕಿಸಿದರೆ ಹತ್ತು ನಿಮಿಷದ ಕೆಲಸ, ನಿಜ. ಆದರೆ ಉಜ್ಜಿ ತೆಗೆದ ಲೋಹವನ್ನು ಮತ್ತೆ ಅಂಟಿಸಲು ಬರುವುದಿಲ್ಲವಾದ್ದರಿಂದ ನಿಧಾನವಾಗಿಯೇ ಹೋದೆ.

ಅಭ್ಯಾಸದ ಬಯಲಿಗೆ ಒಯ್ದದ್ದು ಒಂದು ಔನ್ಸಿನ, ಅಂದರೆ 437.5 ಗ್ರೇನ್ ತೂಕದ, ಫಾಸ್ಟರ್ ಮಾದರಿಯ ಸ್ಲಗ್. 1931ರಲ್ಲಿ ಕಾರ್ಲ್ ಫಾಸ್ಟರ್ ರೂಪಿಸಿದ ಈ ಗುಂಡು ಹಿಂದೆ ಟೊಳ್ಳಾಗಿ ಮುಂದೆ ದಪ್ಪವಾಗಿರುವ ಸೀಸದ ಬಟ್ಟಲು. ಭಾರವೆಲ್ಲ ಮುಂದಿರುವುದರಿಂದ ಶಟ್ಲ್‌ಕಾಕಿನಂತೆ ಮೂಗು ಮುಂದಾಗಿಯೇ ಹೋಗುತ್ತದೆ. ಇದಕ್ಕಿಂತ ಹಳೆಯದು ಜರ್ಮನಿಯ ವಿಲ್ಹೆಲ್ಮ್ ಬ್ರೆನೆಕೆ 1898ರಲ್ಲಿ ಮಾಡಿದ ಸ್ಲಗ್; ಅದರಲ್ಲಿ ಸೀಸದ ಗಟ್ಟಿ ತುಂಡಿನ ಹಿಂದೆ ವಾಡನ್ನು (ಮದ್ದಿಗೂ ಗುಂಡಿಗೂ ನಡುವಿನ ಹಗುರ ಬಿಲ್ಲೆ) ತಿರುಪಿನಿಂದ ಬಿಗಿದಿರುತ್ತದೆ, ಗಾಳಿಪಟವನ್ನು ಬಾಲಂಗೋಚಿ ಹಿಡಿದಿಡುವಂತೆ ಅದು ಗುಂಡನ್ನು ನೇರ ಹಿಡಿದಿಡುತ್ತದೆ. ಎರಡರ ಮೈಮೇಲೂ ಓರೆಯಾದ ಏಣುಗಳಿರುತ್ತವೆ. ಅವು ಗಾಳಿಯಲ್ಲಿ ಗುಂಡನ್ನು ಗಿರ್ರನೆ ತಿರುಗಿಸುತ್ತವೆಂದು ಅಂಗಡಿಗಳಲ್ಲಿ ಈಗಲೂ ಹೇಳುತ್ತಾರೆ. ಆ ತಿರುಗಾಟ ಹೆಸರಿಗಷ್ಟೇ. ಚೋಕಿನ ಇಕ್ಕಟ್ಟಿನಲ್ಲಿ ಸೀಸ ಒತ್ತಿಕೊಳ್ಳಲು ಜಾಗ ಕೊಡುವುದು ಅವುಗಳ ನಿಜವಾದ ಕೆಲಸ.

50 ಗಜದಲ್ಲಿ ಮರಳಿನ ಚೀಲದ ಮೇಲೆ ಕೋವಿಯಿಟ್ಟು ಹೊಡೆದ ಮೂರು ಈಡುಗಳು ಒಂಬತ್ತು ಇಂಚಿನಷ್ಟು ಹರಡಿಕೊಂಡವು, ಅವುಗಳ ನಡುಬಿಂದು ಗುರಿಗಿಂತ ಐದು ಇಂಚು ಮೇಲಿತ್ತು. ಚೋಕ್ ಬಿಚ್ಚಿ ಇಂಪ್ರೂವ್ಡ್ ಸಿಲಿಂಡರ್ ಹಾಕಿದಾಗ ಅದೇ ಪೆಟ್ಟಿಗೆಯ ತೋಟೆಗಳು ಆರೂವರೆ ಇಂಚಿಗೆ ಇಳಿದವು. 12 ಗೇಜಿನ ನಳಿಗೆಯ ಒಳವ್ಯಾಸ ಹೆಸರಿಗೆ 0.729 ಇಂಚು, ಅಂದರೆ 18.5 ಮಿಲಿಮೀಟರ್; ಮಾಡಿಫೈಡ್ ಚೋಕ್ ಅದನ್ನು ಸುಮಾರು 20 ಸಾವಿರಾಂಶ ಇಂಚಿನಷ್ಟು ಕಿರಿದಾಗಿಸುತ್ತದೆ, ಇಂಪ್ರೂವ್ಡ್ ಸಿಲಿಂಡರ್ 10ರಷ್ಟು ಮಾತ್ರ. ಈ ಹತ್ತು ಸಾವಿರಾಂಶದ ಅಂತರ ಕಾಗದದ ಮೇಲೆ ಎರಡೂವರೆ ಇಂಚಾಗಿ ಕಾಣುತ್ತದೆಂದು ನಾನು ನಂಬಿರಲಿಲ್ಲ. ಮೇಲಕ್ಕೆ ಹೋಗುವ ತೊಂದರೆ ಮಾತ್ರ ಹಾಗೆಯೇ ಉಳಿಯಿತು, ಏಕೆಂದರೆ ಅದಕ್ಕೆ ಚೋಕ್ ಹೊಣೆಯಲ್ಲ. ಮಣಿಯೊಂದೇ ಇರುವ ಕೋವಿಯಲ್ಲಿ ಹಿಂದಿನ ಗುರಿಯೆಂದರೆ ನಮ್ಮ ಕಣ್ಣು. ಏಟಿಗೆ ಹೆದರಿ ಕೆನ್ನೆ ಹಿಡಿಯಿಂದ ಒಂದು ಎಳೆಯಷ್ಟು ಎದ್ದರೂ ಗುಂಡು ಮೇಲೆ ಹೋಗುತ್ತದೆ. ಹಾರುವ ಹಕ್ಕಿಗೆ ಚರೆ ಹೊಡೆಯುವಾಗ ಇದು ಲೆಕ್ಕಕ್ಕೆ ಬರುವುದಿಲ್ಲ, ಒಂದೇ ಗುಂಡಿಗೆ ಬರುತ್ತದೆ.

ಅದೇ ದಿನ ಒಂದು ದಡ್ಡತನವನ್ನೂ ಮಾಡಿದೆ. ಅಂಗಡಿಯವರು ‘ಇದು ತೀರ ನಿಖರ’ ಎಂದು ಕೊಟ್ಟಿದ್ದ ಸೇಬೊ ತೋಟೆಯ ಪೆಟ್ಟಿಗೆ ಜೊತೆಯಲ್ಲಿತ್ತು. ನಳಿಗೆ ಯಾವುದೆಂದು ಅವರು ಕೇಳಲಿಲ್ಲ, ಪೆಟ್ಟಿಗೆಯ ಮೇಲೆ ಸುರುಳಿಗೀರಿನ ನಳಿಗೆಗೆ ಮಾತ್ರವೆಂದು ಅಚ್ಚಾಗಿದ್ದುದನ್ನು ನಾನು ಓದಲಿಲ್ಲ. ಸೇಬೊ ಎಂದರೆ ನಳಿಗೆಗಿಂತ ಸಣ್ಣದಾದ, ರೈಫಲ್ ಗುಂಡಿನ ಆಕಾರದ ಗುಂಡಿಗೆ ತೊಡಿಸಿದ ಪ್ಲಾಸ್ಟಿಕ್ ಅಂಗಿ. ಗೀರುಗಳು ಅಂಗಿಯನ್ನು ಹಿಡಿದು ತಿರುಗಿಸುತ್ತವೆ, ಅಂಗಿ ಗುಂಡನ್ನು ತಿರುಗಿಸಿ ಹೊರಗೆ ಬಂದೊಡನೆ ಕಳಚಿಕೊಳ್ಳುತ್ತದೆ. ಗೀರೇ ಇಲ್ಲದ ನನ್ನ ನಳಿಗೆಯಿಂದ ಹೊರಟ ಮೂರರಲ್ಲಿ ಒಂದು ಕಾಗದಕ್ಕೇ ತಾಗಲಿಲ್ಲ, ಉಳಿದೆರಡರ ನಡುವೆ ಹದಿನಾಲ್ಕು ಇಂಚಿನ ಅಂತರವಿತ್ತು. ಅವುಗಳಲ್ಲೊಂದರ ತೂತು ದುಂಡಗಿರಲಿಲ್ಲ, ಹುರುಳಿಕಾಯಿಯ ಹಾಗೆ ಉದ್ದವಾಗಿತ್ತು: ಗುಂಡು ಅಡ್ಡಡ್ಡ ಉರುಳಿಕೊಂಡು ಹೋಗಿ ಕಾಗದಕ್ಕೆ ಪಕ್ಕೆಯಿಂದ ಬಡಿದಿತ್ತು. ಆ ಕಾಗದವನ್ನು ಕತ್ತರಿಸಿ ಗ್ಯಾರೇಜಿನ ಗೋಡೆಗೆ ಅಂಟಿಸಿಟ್ಟಿದ್ದೇನೆ.

ಯಾವ ನಳಿಗೆ

ಆಮೇಲೆ ಎರಡು ವಾರ ಯೋಚಿಸಿದ್ದು ನಳಿಗೆಯ ಬಗ್ಗೆ. ನಯವಾದ, ಚೋಕ್ ಇಲ್ಲದ, ರೈಫಲ್ಲಿನಂತೆ ಮುಂದೆ ಹಿಂದೆ ಗುರಿಗಳಿರುವ 20 ಇಂಚಿನ ಚಿಕ್ಕ ನಳಿಗೆ ಎಲ್ಲಕ್ಕಿಂತ ಅಗ್ಗ. ಅದಕ್ಕೆ ಬೇಕಾದ ಫಾಸ್ಟರ್ ತೋಟೆಯೂ ಅಗ್ಗ. ಎಪ್ಪತ್ತು ಗಜದೊಳಗಿನ ದಟ್ಟ ಕಾಡಿನಲ್ಲಿ ಬೇಟೆಯಾಡುವವರು ಇದಕ್ಕಿಂತ ಹೆಚ್ಚಿನದಕ್ಕೆ ಹಣ ಸುರಿಯಬೇಕಿಲ್ಲವೆಂಬುದು ನನ್ನ ಅಭಿಪ್ರಾಯ. ನಾನು ಕೂರುವ ಜಾಗ ಜೋಳ ಕೊಯ್ದ ಹೊಲದ ಅಂಚು. ಅಲ್ಲಿ ಜಿಂಕೆ ನೂರು ಗಜದಾಚೆಯಿಂದ ಹೊರಬರುತ್ತದೆ. ಒಂದು ಔನ್ಸಿನ ಫಾಸ್ಟರ್ ಸ್ಲಗ್ ನಳಿಗೆಯಿಂದ ಸೆಕೆಂಡಿಗೆ ಸುಮಾರು 1560 ಅಡಿ ವೇಗದಲ್ಲಿ ಹೊರಟರೂ ನೂರು ಗಜ ತಲುಪುವಷ್ಟರಲ್ಲಿ ಸಾವಿರಕ್ಕಿಂತ ಕೆಳಗಿಳಿದಿರುತ್ತದೆ, 50 ಗಜಕ್ಕೆ ಗುರಿ ಕೂಡಿಸಿದ್ದರೆ ಅಲ್ಲಿ ಐದಾರು ಇಂಚು ಕೆಳಗೆ ಬೀಳುತ್ತದೆ. ಹಾಗಾಗಿ ಅದು ನನಗೆ ಹೊಂದಲಿಲ್ಲ.

ಇದ್ದ ನಳಿಗೆಯ ಬಾಯಿಗೇ ಗೀರುಗಳಿರುವ ಚೋಕ್ ತಿರುಪಿ ಹಾಕುವ ಮಾರ್ಗವೂ ಇತ್ತು. ಇದನ್ನು ಹೊಸ ಉಪಾಯವೆಂದು ಮಾರುತ್ತಾರೆ, ಆದರೆ ಇದರ ಮೂಲ ನಮ್ಮ ಕಡೆಯ ಬೇಟೆಗಾರರಿಗೆ ಚೆನ್ನಾಗಿ ಗೊತ್ತಿದ್ದದ್ದೇ. ಕರ್ನಲ್ ಜಾರ್ಜ್ ಫಾಸ್ಬರಿ 1885ರಲ್ಲಿ ಪೇಟೆಂಟ್ ಪಡೆದು, ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ ತಯಾರಿಸಿದ ‘ಪ್ಯಾರಡಾಕ್ಸ್’ ಕೋವಿಯಲ್ಲಿ ನಳಿಗೆಯ ಕೊನೆಯ ಕೆಲವೇ ಇಂಚುಗಳಲ್ಲಿ ಗೀರುಗಳಿದ್ದವು. ಹಕ್ಕಿಗೆ ಚರೆಯನ್ನೂ ದೊಡ್ಡ ಮೃಗಕ್ಕೆ ಗುಂಡನ್ನೂ ಅದೇ ಕೋವಿಯಿಂದ ಹೊಡೆಯಬಹುದಾಗಿತ್ತು, ಬ್ರಿಟಿಷರ ಕಾಲದ ಇಂಡಿಯಾದಲ್ಲಿ ಅದಕ್ಕೆ ಒಳ್ಳೆಯ ಗಿರಾಕಿಯಿತ್ತು. ಫಾಸ್ಬರಿ ಸ್ವತಃ ವಾಯವ್ಯ ಗಡಿಯ 1863ರ ಅಂಬೇಲಾ ಕಾಳಗದಲ್ಲಿ ಬ್ರಿಟಿಷರ ಶೌರ್ಯಪದಕ ವಿಕ್ಟೋರಿಯಾ ಕ್ರಾಸ್ ಪಡೆದವನು. ಈ ಇತಿಹಾಸದ ಮೋಹಕ್ಕೆ ಬಿದ್ದು ಗೀರಿನ ಚೋಕನ್ನೇ ಕೊಳ್ಳುತ್ತಿದ್ದೆನೇನೋ. ಆದರೆ 28 ಇಂಚಿನ ನಯ ನಳಿಗೆಯಲ್ಲಿ ಪೂರ್ತಿ ವೇಗ ಪಡೆದ ಗುಂಡು ಕೊನೆಯ ಎರಡು ಮೂರು ಇಂಚಿನಲ್ಲಿ ಥಟ್ಟನೆ ತಿರುಗಬೇಕಾಗುತ್ತದೆ, ಮೇಲಾಗಿ ಗುರಿಯ ಪ್ರಶ್ನೆ ಅದರಿಂದ ಬಗೆಹರಿಯುವುದಿಲ್ಲ. ಮಣಿ ಮಣಿಯಾಗಿಯೇ ಇರುತ್ತದೆ.

ಕೋವಿಯ ಮೈಗೆ ದೂರದರ್ಶಕದ ಪಟ್ಟಿ ಬಿಗಿಸುವುದನ್ನೂ ಯೋಚಿಸಿ ಬಿಟ್ಟೆ. ಕಳಚಿ ಕೂಡಿಸುವ ನಳಿಗೆ ಕೋವಿಯ ಮೈಯಲ್ಲಿ ಕೂದಲೆಳೆಯಷ್ಟಾದರೂ ಅಲುಗಾಡುತ್ತದೆ. ದೂರದರ್ಶಕ ಮೈಮೇಲೂ ಗುಂಡು ನಳಿಗೆಯಲ್ಲೂ ಇದ್ದರೆ ಎರಡೂ ಒಂದೇ ಕಡೆ ನೋಡುತ್ತಿವೆ ಎಂಬ ಭರವಸೆಯಿಲ್ಲ. ಕೊನೆಗೆ ಕೊಂಡದ್ದು 23 ಇಂಚಿನ, ಉದ್ದಕ್ಕೂ ಸುರುಳಿಗೀರಿರುವ, ಕ್ಯಾಂಟಿಲಿವರ್ ಪಟ್ಟಿಯ ನಳಿಗೆ. ಪಟ್ಟಿಯ ಒಂದು ತುದಿ ನಳಿಗೆಗೆ ಬೆಸೆದುಕೊಂಡು ಇನ್ನೊಂದು ತುದಿ ಹಿಂದಕ್ಕೆ, ಕೋವಿಯ ಮೈಗೆ ತಾಗದಂತೆ, ಸಜ್ಜೆಯ ಹಾಗೆ ಚಾಚಿಕೊಂಡಿರುತ್ತದೆ. ದೂರದರ್ಶಕವನ್ನು ಅದರ ಮೇಲೆ ಕೂರಿಸಿದರೆ ನಳಿಗೆ ಬಿಚ್ಚಿದಾಗ ಅದೂ ಜೊತೆಗೇ ಬರುತ್ತದೆ, ಮತ್ತೆ ಹಾಕಿದಾಗ ಗುರಿ ಹೆಚ್ಚು ಕದಲುವುದಿಲ್ಲ. ಗೀರುಗಳು 35 ಇಂಚಿಗೆ ಒಂದು ಸುತ್ತು ಬರುತ್ತವೆ. ಬೇರೆ ತಯಾರಕರ 12 ಗೇಜಿನ ನಳಿಗೆಗಳಲ್ಲಿ ಇದು 28ರಿಂದ 36 ಇಂಚಿನವರೆಗೆ ಇರುವುದುಂಟು. ವೇಗದ, ಉದ್ದನೆಯ ಗುಂಡಿಗೆ ಬಿಗಿಯಾದ ಸುತ್ತು ಒಗ್ಗುತ್ತದೆ. ನಾನು ಆರಿಸಿದ ಗುಂಡು ಸೆಕೆಂಡಿಗೆ 2000 ಅಡಿಯಲ್ಲಿ ಹೊರಟರೆ ಈ ನಳಿಗೆಯಲ್ಲಿ ಸೆಕೆಂಡಿಗೆ 680ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಇದೇ ನಳಿಗೆಯಿಂದ ಚರೆ ಹೊಡೆದರೆ ತಿರುಗುವ ಚರೆ ಹೊರಕ್ಕೆ ಚದುರಿ ನಡುವೆ ಖಾಲಿ ಬಿಟ್ಟು ಉದ್ದಿನ ವಡೆಯಂತೆ ಬೀಳುತ್ತದೆ. ಆದ್ದರಿಂದ ಹಳೆಯ ನಳಿಗೆಯನ್ನು ಮಾರಲಿಲ್ಲ.

ಕೂಡಿಸಿದ್ದು

ನಳಿಗೆ ಬದಲಾಯಿಸಲು ಬಂದೂಕಿನ ಮಿಸ್ತ್ರಿಯ ಬಳಿಗೆ ಹೋಗಬೇಕಿಲ್ಲದಿರುವುದಕ್ಕೆ ಕಾರಣ 870ರ ಕಟ್ಟೋಣದಲ್ಲೇ ಇದೆ. ತೋಟೆಯ ಹಿಂಬದಿಯನ್ನು ಮುಚ್ಚಿ ಹಿಡಿಯುವ ಬೋಲ್ಟ್ ಮುಂದೆ ಹೋಗಿ ಕೊಂಡಿ ಹಾಕಿಕೊಳ್ಳುವುದು ಕೋವಿಯ ಮೈಗಲ್ಲ, ನಳಿಗೆಯ ಹಿಂದೆ ಚಾಚಿರುವ ಉಕ್ಕಿನ ನಾಲಿಗೆಯಲ್ಲಿರುವ ಕಚ್ಚಿಗೆ. ಹಾಗಾಗಿ ತೋಟೆಯ ತಳಕ್ಕೂ ಬೋಲ್ಟಿಗೂ ಇರಬೇಕಾದ ಅಂತರ ಬಹುಮಟ್ಟಿಗೆ ನಳಿಗೆಯ ಜೊತೆಯಲ್ಲೇ ಬರುತ್ತದೆ. ಅದೇ ಕಂಪನಿಯ ಅರೆಸ್ವಯಂಚಾಲಿತ 1100ರ ನಳಿಗೆ ನೋಡಲು ಹೀಗೆಯೇ ಇದ್ದರೂ ಇದಕ್ಕೆ ಹೊಂದುವುದಿಲ್ಲ. ಹಳೆಯ ಸಾಮಾನಿನ ಮೇಳಗಳಲ್ಲಿ ಎರಡೂ ಒಂದೇ ಮೇಜಿನ ಮೇಲೆ ಬಿದ್ದಿರುತ್ತವೆ, ನೋಡಿ ಕೊಳ್ಳಬೇಕು. ಹೊಸ ನಳಿಗೆ ಜಾರಿಸಿ, ಮುಚ್ಚಳ ಬಿಗಿದು, ಮದ್ದಿಲ್ಲದ ಡಮ್ಮಿ ತೋಟೆಗಳನ್ನು ಇಪ್ಪತ್ತು ಸಲ ಒಳಗೆ ಹಾಕಿ ಹೊರಗೆ ತೆಗೆದೆ, ಎಲ್ಲೂ ತಡೆಯಲಿಲ್ಲ. ನಳಿಗೆಯ ಪಕ್ಕದಲ್ಲಿ ಕೊರೆದಿರುವ ತೋಟೆಯ ಉದ್ದವನ್ನು ಪೆಟ್ಟಿಗೆಯ ಮೇಲಿನದರ ಜೊತೆ ತಾಳೆ ನೋಡಿದೆ: ಇದು 3 ಇಂಚಿನದು, 2¾ ಇಂಚಿನ ತೋಟೆಯೂ ನಡೆಯುತ್ತದೆ. ಇದಕ್ಕೆ ತಿರುಗುಮುರುಗಾಗಿ, 2¾ರ ತೋಟೆಮನೆಗೆ 3 ಇಂಚಿನ ತೋಟೆ ಹಾಕುವಂತಿಲ್ಲ. ಒಳಗೆ ಹಿಡಿಸಿದಂತೆ ಕಂಡರೂ ಹೊಡೆದಾಗ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಮಿತಿಮೀರುತ್ತದೆ. 20 ಗೇಜಿನ ತೋಟೆಯಂತೂ ಮನೆಯಲ್ಲೇ ಇರಬಾರದು. ಅದು 12ರ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಖಾಲಿಯೆಂದು ತಿಳಿದು ಹಿಂದಿನಿಂದ 12ರ ತೋಟೆ ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ. 20ರ ತೋಟೆಗೆ ಹಳದಿ ಬಣ್ಣ ಮೀಸಲಾಗಿರುವುದು ಈ ಕಾರಣಕ್ಕೇ.

ಓಹಾಯೋದಲ್ಲಿ ಜಿಂಕೆ ಬೇಟೆಯ ಶಾಟ್‌ಗನ್ನಿನಲ್ಲಿ ಒಟ್ಟು ಮೂರಕ್ಕಿಂತ ಹೆಚ್ಚು ತೋಟೆ ಇರುವಂತಿಲ್ಲ. ಮ್ಯಾಗಜಿನ್ ಕೊಳವೆಯಲ್ಲಿ ಇರಬೇಕಾದ ಅಡೆಗೂಟ ನನ್ನ ಕೋವಿಯಲ್ಲಿ ಇರಲಿಲ್ಲ. ಅರ್ಧ ಇಂಚು ದಪ್ಪದ ಮರದ ದುಂಡುಗೋಲನ್ನು ಬೇಕೆಂದೇ ಉದ್ದವಾಗಿ ಕತ್ತರಿಸಿ ಸ್ಪ್ರಿಂಗಿನೊಳಗೆ ಇಳಿಸಿ, ಎರಡು ಡಮ್ಮಿ ತೋಟೆ ಹಿಡಿದು ಮೂರನೆಯದು ಹಿಡಿಯದಂತಾಗುವವರೆಗೆ ತುದಿಯನ್ನು ಸ್ವಲ್ಪಸ್ವಲ್ಪವೇ ಅರದಿಂದ ಉಜ್ಜಿದೆ. ಅರ್ಧ ಗಂಟೆಯ ಕೆಲಸ, ಎರಡು ಡಾಲರಿನ ಖರ್ಚು. ಇಡೀ ಕೆಲಸದಲ್ಲಿ ಒಂದೇ ಸಲಕ್ಕೆ ಸರಿಹೋದದ್ದು ಇದೊಂದೇ.

ದೂರದರ್ಶಕ 2ರಿಂದ 7 ಪಟ್ಟು ಹಿಗ್ಗಿಸುವ ಸಾಧಾರಣ ಮಾದರಿಯದು. ಆರಿಸುವಾಗ ಹಿಗ್ಗಿಸುವ ಶಕ್ತಿಗಿಂತ ಕಣ್ಣಿನಿಂದ ಗಾಜಿಗಿರುವ ದೂರವನ್ನು ನೋಡಿದೆ, ಏಕೆಂದರೆ ಈ ಕೋವಿಯ ಏಟಿಗೆ ಮೂರೂವರೆ ಇಂಚಿಗಿಂತ ಹತ್ತಿರವಿರುವ ದೂರದರ್ಶಕ ಹುಬ್ಬನ್ನು ಸೀಳುತ್ತದೆ. ದಪ್ಪ ಅಂಗಿ, ಮೇಲೆ ಕಿತ್ತಳೆ ಬಣ್ಣದ ಬೇಟೆಯ ಜಾಕೆಟ್ ತೊಟ್ಟು, ಕಣ್ಣು ಮುಚ್ಚಿ ಕೋವಿಯನ್ನು ಭುಜಕ್ಕೇರಿಸಿ, ಕಣ್ಣು ತೆರೆದಾಗ ಪೂರ್ತಿ ವೃತ್ತ ಕಾಣುವಂತೆ ಹಿಂದೆ ಮುಂದೆ ಸರಿಸಿ ಬಿಗಿದೆ. ಮನೆಯೊಳಗೆ ಟೀ ಶರ್ಟಿನಲ್ಲಿ ಕೂಡಿಸಿದರೆ ಡಿಸೆಂಬರಿನಲ್ಲಿ ಎರಡು ಪದರ ಉಣ್ಣೆಯ ಮೇಲೆ ಅದು ತಪ್ಪುತ್ತದೆ.

ಅಕ್ಟೋಬರ್: ಕಾಗದ ಹೇಳಿದ್ದು

ಗುರಿ ಕೂಡಿಸುವುದನ್ನು 25 ಗಜದಿಂದ ಆರಂಭಿಸಿದೆ. ನೂರು ಗಜದಲ್ಲಿ ಶುರುಮಾಡಿ ಕಾಗದಕ್ಕೇ ತಾಗದೆ, ಎಡಕ್ಕೋ ಬಲಕ್ಕೋ ತಿಳಿಯದೆ, ಐದಕ್ಕೆ ಸುಮಾರು 20 ಡಾಲರಿನ ತೋಟೆಗಳನ್ನು ಮಣ್ಣಿನ ದಿಬ್ಬಕ್ಕೆ ಹಾಕುವವರನ್ನು ಪ್ರತಿ ಶರತ್ಕಾಲದಲ್ಲಿ ನೋಡಬಹುದು. ದೂರದರ್ಶಕದ ಒಂದು ‘ಟಿಕ್’ ನೂರು ಗಜದಲ್ಲಿ ಕಾಲು ಇಂಚು ಸರಿಸಿದರೆ 25 ಗಜದಲ್ಲಿ ಹದಿನಾರನೆಯ ಒಂದು ಇಂಚು ಸರಿಸುತ್ತದೆ. ಎರಡು ಇಂಚು ಸರಿಯಲು 32 ಟಿಕ್. ಇದನ್ನು ಮರೆತು ಎಂಟೇ ಟಿಕ್ ತಿರುಗಿಸಿ, ‘ಏಕೆ ಸರಿಯುತ್ತಿಲ್ಲ’ ಎಂದು ಒಂದು ತೋಟೆಯನ್ನು ನಾನೂ ಕಳೆದೆ.

ಮೂರು ಬಗೆಯ ಸೇಬೊ ತೋಟೆಗಳನ್ನು ನೂರು ಗಜದಲ್ಲಿ, ಒಂದೊಂದು ಬಗೆಗೂ ಮೂರು ಈಡಿನಂತೆ ಹೊಡೆದೆ. 3 ಇಂಚಿನ, ಎಲ್ಲಕ್ಕಿಂತ ದುಬಾರಿಯಾದ ತಾಮ್ರದ ಗುಂಡು ಐದೂವರೆ ಇಂಚು ಹರಡಿತು. 385 ಗ್ರೇನಿನ ಭಾರದ ಗುಂಡು ನಾಲ್ಕು. ಪ್ಲಾಸ್ಟಿಕ್ ಮೊನೆಯ 300 ಗ್ರೇನಿನ, 2¾ ಇಂಚಿನ ತೋಟೆ ಎರಡೂಮುಕ್ಕಾಲು ಇಂಚು. ಇದರಿಂದ ಹಗುರ ಗುಂಡೇ ಮೇಲೆಂದೋ ತಾಮ್ರ ಕೀಳೆಂದೋ ಹೇಳಲು ಬರುವುದಿಲ್ಲ. ನನ್ನ ಪಕ್ಕದ ಬೆಂಚಿನಲ್ಲಿದ್ದವರ ಕೋವಿಯೂ ಇದೇ ಮಾದರಿಯದು, ಅವರ ನಳಿಗೆಯೂ 35ರ ಸುತ್ತಿನದೇ. ನನ್ನಲ್ಲಿ ಐದೂವರೆ ಇಂಚು ಹರಡಿದ ಆ ತಾಮ್ರದ ತೋಟೆಯಲ್ಲಿ ಎರಡನ್ನು ಅವರಿಗೆ ಕೊಟ್ಟಾಗ ಎರಡೂ ಒಂದು ಇಂಚಿನೊಳಗೆ ಬಿದ್ದವು. ಎರಡು ಈಡಿನಿಂದ ಏನನ್ನೂ ತೀರ್ಮಾನಿಸಬಾರದು, ಆದರೂ ಆ ಕಾಗದ ನೋಡಿ ನನಗೆ ಹೊಟ್ಟೆಯುರಿಯಿತು.

ಹೊಡೆಯುವುದು ನಿಂತು ಬಯಲಿನಲ್ಲಿ ‘ಕೋಲ್ಡ್’ ಕೂಗಿದ ಮೇಲೆ ಗುರಿಯ ಕಡೆಗೆ ನಡೆದಾಗ, ಬೆಂಚಿನಿಂದ ಸ್ವಲ್ಪವೇ ದೂರದಲ್ಲಿ ಹುಲ್ಲಿನ ಮೇಲೆ ಸೇಬೊ ಅಂಗಿಗಳು ಬಿದ್ದಿದ್ದವು. ಎತ್ತಿ ನೋಡಿದರೆ ಪ್ಲಾಸ್ಟಿಕ್ಕಿನ ಎಸಳುಗಳು ಒಂದೇ ಸಮನಾಗಿ ಅರಳಿದ್ದವು, ಮೈಮೇಲೆ ಗೀರುಗಳ ಓರೆ ಅಚ್ಚು ಸ್ಪಷ್ಟವಾಗಿ ಒತ್ತಿತ್ತು. ಸರಿಯಾಗಿ ಹಿಡಿದು ತಿರುಗಿಸಿದೆ ಎನ್ನುವುದಕ್ಕೆ ನಳಿಗೆ ಬರೆದುಕೊಟ್ಟ ರಶೀದಿಯಂತಿತ್ತು ಅದು. ಸೆಪ್ಟೆಂಬರಿನಲ್ಲಿ ನಯ ನಳಿಗೆಯಿಂದ ಹೊಡೆದಾಗ ಸಿಕ್ಕ ಅಂಗಿಗಳಲ್ಲಿ ಒಂದು ಎಸಳು ಮುರಿದು, ಉಳಿದವು ಬಿಚ್ಚಿಕೊಳ್ಳದೆ ಇದ್ದವು.

ಮುಂದಿನ ಶನಿವಾರ ಎಲ್ಲ ಕೆಟ್ಟಿತು. ಅದೇ 300 ಗ್ರೇನಿನ ತೋಟೆ, ಅದೇ ಬೆಂಚು; ಮೊದಲ ಈಡು ನಡುವಿಗೆ, ಎರಡನೆಯದು ಎರಡು ಇಂಚು ಎಡಕ್ಕೆ, ಮೂರನೆಯದು ನಾಲ್ಕು ಇಂಚು ಎಡಕ್ಕೆ. ಮೊದಲು ನನ್ನ ಭುಜವನ್ನು ದೂರಿದೆ, ಆಮೇಲೆ ಗಾಳಿಯನ್ನು. ಆದರೆ ಹೆದರಿ ಟ್ರಿಗರ್ ಎಳೆಯುವವನ ಗುಂಡುಗಳು ದಿಕ್ಕಾಪಾಲಾಗುತ್ತವೆ, ಮೆಟ್ಟಿಲು ಹತ್ತಿದಂತೆ ಒಂದೇ ಕಡೆ ಸಾಗುವುದಿಲ್ಲ. ಒಂದೇ ಕಡೆ ಸಾಗುತ್ತಿದ್ದರೆ ಏನೋ ಸಡಿಲವಾಗಿದೆ ಎಂದೇ ಅರ್ಥ. ಮ್ಯಾಗಜಿನ್ ಮುಚ್ಚಳ ಬಿಗಿಯಾಗಿತ್ತು. ದೂರದರ್ಶಕದ ಬಳೆಗಳೂ ಬಿಗಿಯಾಗಿದ್ದವು. ಬಳೆಗಳ ಕೆಳಗೆ, ಪಟ್ಟಿಗೆ ಕೂರುವ ಬುಡದ ಹಿಂದಿನ ತಿರುಪನ್ನು ಉಗುರಿನಿಂದಲೇ ಕಾಲು ಸುತ್ತು ತಿರುಗಿಸಬಹುದಾಗಿತ್ತು. ತಪ್ಪು ನನ್ನದೇ: ಬಿಗಿಯುವ ಮುನ್ನ ತಿರುಪಿನ ಎಣ್ಣೆಯನ್ನು ಸ್ಪಿರಿಟ್ಟಿನಿಂದ ಒರೆಸಿರಲಿಲ್ಲ, ತಿರುಪು ಸಡಿಲವಾಗದಂತೆ ಹಚ್ಚುವ ಅಂಟು ನೀಲಿ ಲಾಕ್‌ಟೈಟ್ ಎಣ್ಣೆಯ ಮೇಲೆ ಹಿಡಿಯುವುದಿಲ್ಲ. ಎಲ್ಲ ಬಿಚ್ಚಿ, ಒರೆಸಿ, ಒಂದೊಂದು ಹನಿ ಹಚ್ಚಿ, ತಯಾರಕರು ಹೇಳಿದ್ದಷ್ಟೇ ಬಲಕ್ಕೆ ಅಳತೆಯ ಸ್ಕ್ರೂಡ್ರೈವರಿನಿಂದ ಬಿಗಿದು, ಒಂದು ರಾತ್ರಿ ಒಣಗಲು ಬಿಟ್ಟೆ. ಪ್ರತಿ ತಿರುಪಿನ ತಲೆಗೂ ಬುಡಕ್ಕೂ ಸೇರುವಂತೆ ಹೆಂಡತಿಯ ಉಗುರುಬಣ್ಣದಿಂದ ಒಂದು ಗೆರೆ ಎಳೆದಿದ್ದೇನೆ. ತಿರುಪು ಕದಲಿದರೆ ಗೆರೆ ಮುರಿಯುತ್ತದೆ. ‘ಕೋವಿಗೂ ಕೆಂಪೇ ಬೇಕಿತ್ತಾ ನಿಮಗೆ’ ಎಂದು ಅವಳು ಕೇಳಿದಳು. ಮನೆಯಲ್ಲಿ ಇದ್ದದ್ದು ಅದೇ ಬಣ್ಣ.

ಇನ್ನೊಂದು ಪಾಠ ಬ್ರಷ್ಷಿನದು. ಖರ್ಚು ಉಳಿಸಲು ಅಗ್ಗದ ಫಾಸ್ಟರ್ ಸ್ಲಗ್ಗನ್ನು ಅಭ್ಯಾಸಕ್ಕೆಂದು ಇದೇ ಗೀರಿನ ನಳಿಗೆಯಿಂದ ಹತ್ತು ಹೊಡೆದೆ. ಅಪಾಯವಿಲ್ಲ, 50 ಗಜದಲ್ಲಿ ಮೊದಲ ನಾಲ್ಕೈದು ಚೆನ್ನಾಗಿಯೇ ಬಿದ್ದವು, ಆಮೇಲಿನವು ಚದುರಿದವು. ಮೆದು ಸೀಸ ಗೀರುಗಳಲ್ಲಿ ಸವರಿಕೊಂಡು ನಳಿಗೆಯ ಒಳಗೆ ಬೂದಿ ಬಣ್ಣದ ಪಟ್ಟೆಗಳು ಎದ್ದಿದ್ದವು. ಸೀಸ ಕರಗಿಸುವ ದ್ರಾವಣ, ಕಂಚಿನ ಬ್ರಷ್ ಹಿಡಿದು ಅವನ್ನು ಕಿತ್ತು ತೆಗೆಯಲು ಒಂದು ಭಾನುವಾರ ಪೂರ್ತಿ ಹೋಯಿತು. ಉಳಿಸಿದ್ದು ಮೂವತ್ತು ಡಾಲರ್. ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯುವವರೆಗೆ ಏನನ್ನೂ ಬಾಯಿಗೆ ಹಾಕಬಾರದು. ಚಿಂದಿಬಟ್ಟೆಗೆ ಹತ್ತಿದ ಕಪ್ಪೆಲ್ಲ ಸೀಸವೇ.

ಈ ನಡುವೆ ತೀರ್ಥಹಳ್ಳಿಯಿಂದ ಮಾವ ಫೋನ್ ಮಾಡಿದ್ದರು. ಅವರ ಮನೆಯಲ್ಲಿ ಬೆಳೆ ರಕ್ಷಣೆಯ ಪರವಾನಗಿಯ ಮೇಲಿರುವ, ಚುನಾವಣೆ ಬಂದಾಗಲೆಲ್ಲ ಪೊಲೀಸ್ ಠಾಣೆಗೆ ಹೋಗಿ ಕೂತು ಬರುವ, ಅಜ್ಜನ ಕಾಲದ ಇಂಗ್ಲಿಷ್ ಜೋಡುನಳಿಗೆ ತೋಟೆಕೋವಿಯಿದೆ.

‘ಅದೆಂಥದೋ ಒಂದೇ ಗುಂಡಿನ ತೋಟೆ ಹೊಡೀತಿದ್ದೀಯಂತಲ್ಲ ಮಾರಾಯ, ನಮ್ಮ ಜೋಡುನಳಿಗೆಗೂ ಆಗ್ತದೇನೋ ಅದು?’

‘ಬೇಡ ಮಾವ. ನಿಮ್ಮದರ ತೋಟೆಮನೆ ಎರಡೂವರೆ ಇಂಚಿನದು, ಎಡದ ನಳಿಗೆ ಫುಲ್ ಚೋಕ್. ಇಲ್ಲಿಯ ತೋಟೆ ಅದಕ್ಕೆ ಉದ್ದ ಹೆಚ್ಚು, ಒತ್ತಡವೂ ಹೆಚ್ಚು. ಆ ಕಾಲದ ನಳಿಗೆಯ ಗೋಡೆ ಬಾಯಿ ಹತ್ತಿರ ಎಷ್ಟು ತೆಳು ಅಂತ ನೀವೇ ನೋಡಿದ್ದೀರಲ್ಲ.’

‘ಹಂಗಾದ್ರೆ ಹಂದಿ ಓಡಿಸೋಕೆ ಗರ್ನಾಲೇ ಗತಿ ಅನ್ನು.’

ಹೌದೆಂದೆ. 1972ರ ವನ್ಯಜೀವಿ ಕಾಯ್ದೆಯ ಮೇಲೆ ನಮ್ಮಲ್ಲಿ ಬೇಟೆಯೇ ನಿಷಿದ್ಧ, ಬೆಳೆ ರಕ್ಷಣೆಯ ಪರವಾನಗಿ ಬೇಟೆಯ ಪರವಾನಗಿಯಲ್ಲ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಹಳೆಯ ನಳಿಗೆಯ ವಿಷಯ ಮಾತ್ರ ಯಾರಿಗಾದರೂ ಹೇಳಬೇಕಾದದ್ದೇ: ತೋಟೆ ಒಳಗೆ ಹಿಡಿಸಿತು ಎಂಬುದು ಅದು ಆ ಕೋವಿಯದು ಎನ್ನುವುದಕ್ಕೆ ಸಾಕ್ಷಿಯಲ್ಲ.

ನವೆಂಬರ್ ಕೊನೆ

ತಿರುಪು ಸರಿಪಡಿಸಿದ ಮೇಲೆ ಮೂರು ಈಡುಗಳ ಅಳತೆ ಮತ್ತೆ ಎರಡೂಮುಕ್ಕಾಲು ಇಂಚಿಗೆ ಬಂತು, ಇನ್ನೊಮ್ಮೆ ಮೂರು. ನೂರು ಗಜಕ್ಕೆ ಸರಿಯಾಗಿ ಗುರಿ ಕೂಡಿಸಿದ್ದೇನೆ. ಐವತ್ತರಲ್ಲಿ ಗುಂಡು ಮುಕ್ಕಾಲು ಇಂಚಿನಷ್ಟು ಮೇಲೆ, ನೂರೈವತ್ತರಲ್ಲಿ ನಾಲ್ಕು ಇಂಚಿನಷ್ಟು ಕೆಳಗೆ ಬೀಳುತ್ತದೆ. ನೂರೈವತ್ತರಲ್ಲಿ ಒಂದೇ ಸಲ ಹೊಡೆದು ನೋಡಿದ್ದರಿಂದ ಜಿಂಕೆಯ ಮಟ್ಟಿಗೆ ಆ ದೂರವನ್ನು ಲೆಕ್ಕದಿಂದ ಬಿಟ್ಟಿದ್ದೆ. ನಳಿಗೆ ಬಿಚ್ಚಿ ಮತ್ತೆ ಹಾಕಿದರೆ ಎಷ್ಟು ಕದಲುತ್ತದೆಂದೂ ಪರೀಕ್ಷಿಸಿದೆ: ಐದು ಸಲ ಬಿಚ್ಚಿ ಹಾಕಿ ಒಂದೊಂದೇ ಈಡು ಹೊಡೆದಾಗ ಐದೂ ಮೂರೂವರೆ ಇಂಚಿನೊಳಗೆ ಬಿದ್ದವು. ಸಜ್ಜೆಪಟ್ಟಿಗೆ ಕೊಟ್ಟ ಹಣ ಸಾರ್ಥಕವಾಯಿತೆನ್ನಲು ಅಷ್ಟು ಸಾಕು. ತಣ್ಣಗಿರುವ, ಶುಚಿಯಾದ ನಳಿಗೆಯ ಮೊದಲ ಈಡು ಪ್ರತಿ ಸಲವೂ ಒಂದು ಇಂಚು ಬಲಕ್ಕೆ ಹೋಗುತ್ತಿತ್ತು. ಬೇಟೆಯಲ್ಲಿ ಹೊಡೆಯುವುದು ಆ ಮೊದಲ ಈಡನ್ನೇ ಆದ್ದರಿಂದ, ಕೊನೆಯ ಅಭ್ಯಾಸದ ನಂತರ ನಳಿಗೆಯನ್ನು ಉಜ್ಜದೆ ಹೊರಗಿನ ತೇವ ಮಾತ್ರ ಒರೆಸಿ ಇಟ್ಟೆ.

ಸೋಮವಾರ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ಹೊಲದಂಚಿನಲ್ಲಿ ಕೂತಿದ್ದೆ. ಏಳೂಮುಕ್ಕಾಲಿಗೆ ಕೊಂಬಿನ ಗಂಡೊಂದು ಆಚೆ ಬದಿಯಲ್ಲಿ ಬಂದು ನಿಂತಿತು. ದೂರಮಾಪಕ 140 ಗಜ ತೋರಿಸಿತು. ಕೋವಿಯನ್ನು ಎತ್ತಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಹೆಣ್ಣೊಂದು ಜೋಳದ ಕೂಳೆಯ ನಡುವೆ 80 ಗಜದಲ್ಲಿ ಪಕ್ಕೆ ತಿರುಗಿ ನಿಂತಿತು, ಅದರ ಹಿಂದೆ ಏರಿದ ಮಣ್ಣಿನ ಬದುವಿತ್ತು. ಶಾಟ್‌ಗನ್ ಗುಂಡು ಬೇಗ ನೆಲಕ್ಕೆ ಬೀಳುತ್ತದೆಂಬ ಭರವಸೆಯ ಮೇಲೆ ಹಿಂದೇನಿದೆ ಎಂದು ನೋಡದವರಿದ್ದಾರೆ. ನೆಲಕ್ಕೆ ತಾಗಿ ಪುಟಿದ ಸ್ಲಗ್ ಎಲ್ಲಿಗಾದರೂ ಹೋಗಬಹುದು, ಬದು ಇಲ್ಲದಿದ್ದರೆ ಅದನ್ನೂ ಬಿಡುತ್ತಿದ್ದೆ. ಒಂದೇ ಈಡು. ಮೂವತ್ತು ಹೆಜ್ಜೆ ಓಡಿ ಬಿತ್ತು. ಗುಂಡು ಮುಂಗಾಲಿನ ಹಿಂದೆ, ನಾನು ಗುರಿಯಿಟ್ಟ ಜಾಗಕ್ಕಿಂತ ಒಂದು ಬೆರಳಿನಷ್ಟು ಬಲಕ್ಕೆ ಒಳಹೊಕ್ಕಿತ್ತು.

ರಾತ್ರಿ ನಳಿಗೆ ಬಿಚ್ಚಿ, ತೋಟೆಮನೆಯ ಕಡೆಯಿಂದ ಬ್ರಷ್ ಹಾಯಿಸಿ, ಪ್ಲಾಸ್ಟಿಕ್ಕಿನ ತೆಳುಪೊರೆ ಹೋಗುವವರೆಗೆ ಒರೆಸಿ, ಎಣ್ಣೆ ಸವರಿ, ಸ್ಪಂಜಿನ ಚೀಲಕ್ಕೆ ಹಾಕದೆ ಬೀಗದ ಕಪಾಟಿನಲ್ಲಿ ನಿಲ್ಲಿಸಿದ್ದೇನೆ. ಉಗುರುಬಣ್ಣದ ಗೆರೆಗಳು ಮುರಿದಿಲ್ಲ. ಅದೇ ಲಾಟಿನ ಇನ್ನೂ ಎರಡು ಪೆಟ್ಟಿಗೆ ತೋಟೆ ಕೊಂಡು, ಮುಚ್ಚಳದ ಮೇಲೆ ‘100 ಗಜ, ಮೊದಲ ಈಡು ಒಂದು ಇಂಚು ಬಲ’ ಎಂದು ಬರೆದಿಟ್ಟೆ. 28 ಇಂಚಿನ ಹಳೆಯ ನಳಿಗೆ ಮತ್ತೆ ಕೋವಿಗೆ ಏರಿದೆ, ಮೊಲದ ಬೇಟೆಗೆ ಇನ್ನೂ ಸಮಯವಿದೆ.